ಕಟ್ಟಡದ ಲಾಭವೂ ಕಲಿಯುವ ಯಂತ್ರವೂ

(ಸಂಘದ ರಾಜ್ಯೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡುನುಡಿಗಳ ಹಿರಿಮೆಯನ್ನು ಕೊಂಡಾಡುವುದು ರೂಢಿ. ಆ ಕಾರ್ಯಕ್ಕೆ ನಮಗಿಂತ ಸಮರ್ಥರಾದವರು ಈ ಸಭೆಯಲ್ಲಿ ಅನೇಕರಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತರು, ಬಿ.ಕಾಂ. ಓದಿ, ಜಮಾಖರ್ಚಿನ ಅಂಕಣಗಳ ನಡುವೆ ದಿನ ಕಳೆಯುವವರು. ಕಾರ್ಯದರ್ಶಿಗಳು ನಮ್ಮನ್ನೂ ಮಾತನಾಡಲು ಕರೆದಾಗ, ನಮಗೆ ತಿಳಿದ ಲೆಕ್ಕದ ಮಾತನ್ನೇ ಆಡುವುದು ಲೇಸೆಂದು ತೋರಿತು. ವಿಷಯವಿಷ್ಟೆ: ಒಂದು ಕಟ್ಟಡದ ಕೆಲಸದಲ್ಲಿ ಕೊನೆಗೆ ಎಷ್ಟು ಲಾಭ ಉಳಿಯುವುದೆಂಬುದನ್ನು, ಕೆಲಸ ಮುಗಿಯುವ ಮೊದಲೇ ಗಣಕಯಂತ್ರವು ಹೇಳಬಲ್ಲುದೇ? ಹೇಳಿದರೆ ಆ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು?

ಇದು ರಾಜ್ಯೋತ್ಸವಕ್ಕೆ ಸಲ್ಲದ ವಿಷಯವೆಂದು ಯಾರೂ ಭಾವಿಸಬಾರದಾಗಿ ಪ್ರಾರ್ಥನೆ. ಈ ಮುಂಬಯಿ ಮಹಾನಗರದಲ್ಲಿ ಕನ್ನಡಿಗರಿಗೂ ಕಟ್ಟಡಗಳಿಗೂ ಮೂರು ಬಗೆಯ ನಂಟಿದೆ. ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರುಗಳ ಕಡೆಯಿಂದ ಬಂದು ಮಣ್ಣು ತೋಡುವ, ಕಂಬಿ ಕಟ್ಟುವ, ಗಾರೆ ಹೊರುವ ನಮ್ಮ ಜನರು ಮೊದಲನೆಯವರು. ಬೆಳಗಿನ ಹೊತ್ತು ನಾಕಾಗಳಲ್ಲಿ ಕೂಲಿಗಾಗಿ ಕಾದು ನಿಂತವರ ಮಾತಿಗೆ ಕಿವಿಗೊಟ್ಟರೆ ನಮ್ಮ ನುಡಿ ಕೇಳಿಸುತ್ತದೆ. ಇಂಜಿನಿಯರು, ಸಣ್ಣ ಗುತ್ತಿಗೆದಾರ, ಮೇಸ್ತ್ರಿ, ಲೆಕ್ಕ ಬರೆಯುವವ—ಇವರು ಎರಡನೆಯವರು. ಬಾಡಿಗೆಯ ಖೋಲಿಯಲ್ಲಿ ಅರ್ಧ ಆಯುಷ್ಯ ಕಳೆದು, ಠಾಣೆಯಲ್ಲೋ ಪನವೇಲಿನಲ್ಲೋ ಇನ್ನೂ ಮೇಲೇಳದ ಕಟ್ಟಡದಲ್ಲಿ ಒಂದು ಮನೆಗೆ ಹಣ ಕಟ್ಟಿ, ಸಾಲದ ಕಂತು ತೆರುತ್ತಿರುವ ನಮ್ಮ ನಿಮ್ಮಂಥ ಸಂಸಾರಸ್ಥರು ಮೂರನೆಯವರು. ಕಟ್ಟಡದ ಲಾಭದ ಅಂದಾಜು ಕೆಟ್ಟರೆ ಮೊದಲನೆಯವರ ಬಟವಾಡೆ ತಪ್ಪುತ್ತದೆ, ಎರಡನೆಯವರ ಬಿಲ್ಲು ಬಾಕಿ ಬೀಳುತ್ತದೆ, ಮೂರನೆಯವರ ಮನೆ ಅರ್ಧಕ್ಕೇ ನಿಲ್ಲುತ್ತದೆ. ಮೂವರ ಗಂಟೂ ಒಂದೇ ಅಂಕೆಗೆ ಕಟ್ಟಿದೆ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಎರಡು ಕೆಲಸಗಳಲ್ಲಿ ಖರ್ಚಿನ ಅಂದಾಜು ಸರಿಹೋದವನು ಅಪರೂಪ. ಕಿರಾಣಿ ಅಂಗಡಿಯವನು ಸರಕು ಕೊಂಡ ಬೆಲೆ ತಿಳಿದ ಮೇಲೆ ಮಾರುವ ಬೆಲೆಯನ್ನು ಹೇಳುತ್ತಾನೆ. ಕಟ್ಟಡದ ಗುತ್ತಿಗೆದಾರನ ಪಾಡು ಇದಕ್ಕೆ ತಿರುಗುಮುರುಗು. ಅವನು ಮೊದಲು ಮಾರುವ ಬೆಲೆಯನ್ನು ಟೆಂಡರಿನಲ್ಲಿ ಬರೆದುಕೊಡುತ್ತಾನೆ. ಅವನ ಖರ್ಚು ಎರಡು ಮೂರು ವರ್ಷಗಳ ಕಾಲ ಮೆಲ್ಲಮೆಲ್ಲನೆ ಹೊರಗೆ ಬೀಳುತ್ತದೆ. ಪಾಯ ತೋಡುವಾಗ ಬಂಡೆ ಸಿಕ್ಕೀತು, ನೀರು ಉಕ್ಕೀತು. ನಕ್ಷೆ ತಡವಾಗಿ ಬಂದೀತು. ಮಾಲೀಕರು ಗೋಡೆಯನ್ನು ಅತ್ತ ಸರಿಸಿ ಎಂದಾರು. ಸಿಮೆಂಟು ಕಬ್ಬಿಣಗಳ ಬೆಲೆ ಏರೀತು. ಇವೆಲ್ಲದರ ಮೇಲೆ ಓವರ್‌ಡ್ರಾಫ್ಟಿನ ಬಡ್ಡಿ ಹಗಲಿರುಳೂ ಬೆಳೆಯುತ್ತಿರುತ್ತದೆ.

ಟೆಂಡರಿನ ಪದ್ಧತಿಯಲ್ಲೇ ಇನ್ನೊಂದು ತೊಡಕಿದೆ. ಹತ್ತು ಮಂದಿ ದರ ಬರೆದಾಗ ಎಲ್ಲರಿಗಿಂತ ಕಡಮೆ ಬರೆದವನಿಗೆ ಕೆಲಸ ದೊರೆಯುವುದು ವಾಡಿಕೆ. ಎಲ್ಲರಿಗಿಂತ ಕಡಮೆ ಬರೆದವನೆಂದರೆ ಅನೇಕ ವೇಳೆ ಎಲ್ಲರಿಗಿಂತ ಚೆನ್ನಾಗಿ ಕೆಲಸ ಬಲ್ಲವನಲ್ಲ, ಖರ್ಚನ್ನು ಎಲ್ಲರಿಗಿಂತ ಕಡಮೆಯಾಗಿ ಎಣಿಸಿದವನು. ಆದ್ದರಿಂದ ಗೆದ್ದ ಟೆಂಡರಿನೊಳಗೇ ನಷ್ಟದ ಬೀಜವೊಂದು ಅವಿತಿರುವುದುಂಟು.

ಈಗ ಲೆಕ್ಕದ ಒಂದು ಗುಟ್ಟನ್ನು ತಮ್ಮ ಮುಂದಿಡಬೇಕಾಗಿದೆ. ಕಟ್ಟಡದ ಕೆಲಸ ಹಲವು ವರ್ಷ ನಡೆಯುವುದರಿಂದ, ಕೆಲಸ ಪೂರ್ತಿಯಾಗುವವರೆಗೆ ಕಾಯದೆ, ಆಯಾ ವರ್ಷದ ಪಾಲಿನ ಲಾಭವನ್ನು ಆಯಾ ವರ್ಷವೇ ಪುಸ್ತಕಕ್ಕೆ ತರುವ ಪದ್ಧತಿಯಿದೆ. ಇದಕ್ಕೆ ಶೇಕಡಾವಾರು ಪೂರ್ಣತೆಯ ಪದ್ಧತಿಯೆಂದು ಹೆಸರು. ಇದು ಕಾನೂನಿಗೆ ಸಮ್ಮತವಾದುದು, ತಕ್ಕದ್ದೂ ಹೌದು. ಆದರೆ ಇದರ ನಡೆಯನ್ನು ನೋಡಿ. ಗುತ್ತಿಗೆಯ ಮೊತ್ತ 1 ಕೋಟಿ ರೂಪಾಯಿ. ಒಟ್ಟು ಖರ್ಚಿನ ಅಂದಾಜು 90 ಲಕ್ಷ. ಈವರೆಗೆ ಆದ ಖರ್ಚು 45 ಲಕ್ಷ ಎಂದಿಟ್ಟುಕೊಳ್ಳೋಣ. 90ರಲ್ಲಿ 45 ಎಂದರೆ ಅರ್ಧ ಕೆಲಸ ಮುಗಿಯಿತೆಂದು ಲೆಕ್ಕ. ಆದುದರಿಂದ ಅರ್ಧ ಆದಾಯ 50 ಲಕ್ಷ, ಖರ್ಚು 45 ಲಕ್ಷ, ಲಾಭ 5 ಲಕ್ಷ. ಈಗ ಯಾರೋ ಪ್ರಾಮಾಣಿಕ ಇಂಜಿನಿಯರು ಬಂದು, 'ಸ್ವಾಮಿ, ಈ ಕೆಲಸ 90 ಲಕ್ಷದಲ್ಲಿ ಮುಗಿಯದು, 1 ಕೋಟಿ 5 ಲಕ್ಷ ಬೇಕು' ಎಂದರೆನ್ನಿ. ಆಗ ಇಡೀ ಕೆಲಸದಲ್ಲಿ 5 ಲಕ್ಷ ನಷ್ಟ. ನಷ್ಟ ಖಚಿತವೆಂದು ಕಂಡಕೂಡಲೆ ಅದನ್ನು ಪೂರ್ತಿಯಾಗಿ ಅಂದೇ ಬರೆಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಸ್ಥಳದಲ್ಲಿ ಒಂದು ಇಟ್ಟಿಗೆಯೂ ಅಲುಗಲಿಲ್ಲ, ತಿಜೋರಿಯಿಂದ ಒಂದು ರೂಪಾಯಿಯೂ ಹೋಗಲಿಲ್ಲ. ಆದರೂ 5 ಲಕ್ಷದ ಲಾಭ 5 ಲಕ್ಷದ ನಷ್ಟವಾಯಿತು. ಹಾಗಾದರೆ ಆ ಮೊದಲಿನ ಲಾಭ ಎಲ್ಲಿತ್ತು? ಅಂದಾಜು ಬರೆದವನ ಪೆನ್ಸಿಲಿನ ತುದಿಯಲ್ಲಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ.

ಇದು ಕಂಪನಿಗಳ ಆಂತರಿಕ ವಿಚಾರ, ನಮಗೇಕೆ ಎನ್ನಬೇಡಿ. 2016ರ ರೇರಾ ಕಾನೂನಿನ ಪ್ರಕಾರ, ಮನೆ ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70 ಪಾಲನ್ನು ಕಟ್ಟಿಸುವವನು ಬೇರೆಯೇ ಒಂದು ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಅದನ್ನು ಆ ಜಾಗಕ್ಕೂ ಆ ಕಟ್ಟಡಕ್ಕೂ ಮಾತ್ರ ಬಳಸಬೇಕು. ಕೆಲಸ ಎಷ್ಟು ಮುಗಿದಿದೆಯೋ ಅಷ್ಟಕ್ಕೆ ತಕ್ಕಂತೆ ಮಾತ್ರ ಹಿಂದೆಗೆಯಬೇಕು. ಇಂಜಿನಿಯರು, ವಾಸ್ತುಶಿಲ್ಪಿ, ಚಾರ್ಟರ್ಡ್ ಅಕೌಂಟೆಂಟ್—ಈ ಮೂವರ ಪ್ರಮಾಣಪತ್ರ ಅದಕ್ಕೆ ಬೇಕು. ಎಂದರೆ, ಕೆಲಸ ಎಷ್ಟು ಮುಗಿದಿದೆ ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ಒಂದು ಕಡೆ ಕಂಪನಿಯ ಲಾಭವನ್ನು ತೋರಿಸುತ್ತದೆ, ಇನ್ನೊಂದು ಕಡೆ ನಮ್ಮ ಹಣದ ಚೀಲದ ಬಾಯಿಯನ್ನು ಬಿಚ್ಚುತ್ತದೆ.

ಇಂಥ ಅಂಕೆಯನ್ನು ಮನುಷ್ಯನ ಆಸೆಯ ಕೈಗೆ ಬಿಡದೆ, ಪಕ್ಷಪಾತವಿಲ್ಲದ ಯಂತ್ರದ ಕೈಗೆ ಕೊಟ್ಟರೆ ಹೇಗೆ? ಇದೇ ಈಗಿನ ಹೊಸ ವಿಚಾರ. ಇಂಗ್ಲಿಷಿನಲ್ಲಿ ಮಷೀನ್ ಲರ್ನಿಂಗ್ ಎನ್ನುವುದನ್ನು ಕನ್ನಡದಲ್ಲಿ ಯಂತ್ರಕಲಿಕೆ ಎನ್ನೋಣ. ಹೆಸರು ಹೊಸದೆನಿಸಿದರೂ ಬೇರು ಹಳೆಯದು. ಹಲವು ಬಿಂದುಗಳ ನಡುವೆ ಎಲ್ಲಕ್ಕೂ ಆದಷ್ಟು ಹತ್ತಿರವಾಗುವ ಗೆರೆಯನ್ನು ಎಳೆಯುವ ಗಣಿತವನ್ನು ಫ್ರಾನ್ಸಿನ ಲಜಾಂದ್ರನು 1805ರಲ್ಲೇ ಪ್ರಕಟಿಸಿದ್ದನು. ಅಮೆರಿಕದ ಐ.ಬಿ.ಎಂ. ಕಂಪನಿಯ ಆರ್ಥರ್ ಸ್ಯಾಮ್ಯುಯೆಲ್ ಎಂಬವರು ತನ್ನ ಆಟದಿಂದ ತಾನೇ ಕಲಿಯುತ್ತ ಚೆಕರ್ಸ್ ಆಡುವ ಗಣಕದ ವಿಷಯವಾಗಿ 1959ರಲ್ಲಿ ಬರೆದ ಲೇಖನದಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. ಯಂತ್ರಕ್ಕೆ ನಿಯಮಗಳನ್ನು ನಾವು ಹೇಳಿಕೊಡುವುದಿಲ್ಲ. ಹಳೆಯ ಉದಾಹರಣೆಗಳನ್ನು ಕೊಡುತ್ತೇವೆ, ನಿಯಮವನ್ನು ಅದು ಹುಡುಕಿಕೊಳ್ಳುತ್ತದೆ.

ಒಂದು ಸಣ್ಣ ಕಲ್ಪಿತ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಒಬ್ಬ ಗುತ್ತಿಗೆದಾರ ಐದು ಕಟ್ಟಡ ಮುಗಿಸಿದ್ದಾನೆ. ಟೆಂಡರಿನ ಹೊತ್ತಿಗೆ ಅವನು ಎಣಿಸಿದ ಲಾಭ ಕ್ರಮವಾಗಿ ನೂರಕ್ಕೆ 10, 12, 9, 11, 8. ಕೊನೆಗೆ ಕೈಗೆ ಹತ್ತಿದ್ದು 6, 5, 6, 4, 4. ಎಣಿಸಿದ್ದರ ಸರಾಸರಿ 10, ಉಳಿದದ್ದರ ಸರಾಸರಿ 5. ಎಂದರೆ ಇವನು 10 ಎಂದರೆ 5 ಎಂದು ತಿಳಿಯಬೇಕು. ಇದು ಯಂತ್ರದ ಮೊದಲ ಪಾಠ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಎರಡನೆಯ ಮತ್ತು ನಾಲ್ಕನೆಯ ಕೆಲಸಗಳಲ್ಲಿ ಲಾಭ 7ರಷ್ಟು ಕುಸಿದಿದೆ. ಉಳಿದ ಮೂರರಲ್ಲಿ 3, 4ರಷ್ಟು ಮಾತ್ರ. ದಾಖಲೆ ತಿರುವಿದರೆ ಆ ಎರಡು ಕೆಲಸಗಳ ಪಾಯವನ್ನು ಮಳೆಗಾಲದಲ್ಲಿ ತೋಡಲಾಗಿತ್ತೆಂದು ಕಾಣುತ್ತದೆ. ಹಾಗಾದರೆ, 'ಪಾಯ ಮಳೆಗಾಲದಲ್ಲಿಯೇ? ಹೌದಾದರೆ 7 ಕಳೆ, ಅಲ್ಲವಾದರೆ 4 ಕಳೆ' ಎಂಬುದು ಎರಡನೆಯ ಪಾಠ. ಹೀಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕವಲೊಡೆದು ಒಂದು ಮರವಾಗುತ್ತದೆ. ಒಂದೇ ಮರವನ್ನು ನಂಬದೆ, ದಾಖಲೆಗಳನ್ನು ಬೇರೆ ಬೇರೆಯಾಗಿ ಕಲಸಿ ನೂರಾರು ಮರಗಳನ್ನು ಬೆಳೆಸಿ, ಎಲ್ಲವುಗಳ ಮಾತಿನ ಸರಾಸರಿಯನ್ನು ಹಿಡಿಯುವ ವಿಧಾನವನ್ನು ಲಿಯೋ ಬ್ರೈಮನ್ ಎಂಬ ಅಮೆರಿಕದ ವಿದ್ವಾಂಸರು 2001ರಲ್ಲಿ ವಿವರಿಸಿದರು. ಒಬ್ಬ ಮೇಸ್ತ್ರಿಯನ್ನು ಕೇಳುವುದಕ್ಕೆ ಬದಲಾಗಿ ಊರಿನ ಮೇಸ್ತ್ರಿಗಳನ್ನೆಲ್ಲ ಕೂಡಿಸಿ ಪಂಚಾಯಿತಿ ಮಾಡಿದಂತೆ. ಗುತ್ತಿಗೆಯ ಮೊತ್ತ, ಕಟ್ಟಡದ ಬಗೆ, ಮಹಡಿಗಳ ಸಂಖ್ಯೆ, ಮಾಲೀಕರು ಹಣ ಕೊಡಲು ಹಿಡಿಯುವ ದಿನಗಳು, ನಕ್ಷೆ ಎಷ್ಟು ಸಲ ಬದಲಾಯಿತು, ಬೆಲೆ ಏರಿದರೆ ತುಂಬಿಕೊಡುವ ಷರತ್ತು ಕರಾರಿನಲ್ಲಿದೆಯೇ—ಇಂಥ ಹತ್ತಾರು ಸಂಗತಿಗಳನ್ನು ಯಂತ್ರದ ಮುಂದಿಡುತ್ತಾರೆ.

ಇದರಿಂದ ಉಪಯೋಗವಿಲ್ಲವೇ? ನಿಶ್ಚಯವಾಗಿ ಇದೆ. ತನ್ನ ಕೆಲಸ ತಾನೆಣಿಸಿದಷ್ಟೇ ಕಾಲದಲ್ಲಿ, ಎಣಿಸಿದಷ್ಟೇ ಖರ್ಚಿನಲ್ಲಿ ಮುಗಿಯುವುದೆಂದು ನಂಬುವುದು ಮನುಷ್ಯ ಸ್ವಭಾವ. ಕಾಹ್ನೆಮನ್, ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಈ ದೌರ್ಬಲ್ಯವನ್ನು ಗುರುತಿಸಿ ಹೆಸರಿಟ್ಟರು. ಆಸ್ಟ್ರೇಲಿಯಾದ ಸಿಡ್ನಿ ಒಪೆರಾ ಭವನಕ್ಕೆ 1957ರಲ್ಲಿ ಮಾಡಿದ ಅಂದಾಜು ಅಲ್ಲಿಯ ನಾಣ್ಯದಲ್ಲಿ 70 ಲಕ್ಷ ಡಾಲರು. 1973ರಲ್ಲಿ ಅದು ಮುಗಿದಾಗ ಆದ ಖರ್ಚು 10 ಕೋಟಿ 20 ಲಕ್ಷ. ಇದಕ್ಕೆ ಮದ್ದೆಂದರೆ, ನಮ್ಮ ಕೆಲಸವನ್ನು ಒಳಗಿನಿಂದ ನೋಡದೆ, ಇಂಥವೇ ಬೇರೆ ಕೆಲಸಗಳಿಗೆ ಏನಾಯಿತೆಂದು ಹೊರಗಿನಿಂದ ನೋಡುವುದು. ಯಂತ್ರ ಮಾಡುವುದು ಇದನ್ನೇ. ಅದಕ್ಕೆ ಯಜಮಾನನ ಮುಲಾಜಿಲ್ಲ, ಬಡ್ತಿಯ ಆಸೆಯಿಲ್ಲ. ನಾಲ್ಕನೆಯ ತಿಂಗಳಲ್ಲೇ 'ಈ ಕೆಲಸ ಹಳೆಯ ಆ ಮೂರು ನಷ್ಟದ ಕೆಲಸಗಳಂತೆ ನಡೆಯುತ್ತಿದೆ' ಎಂದು ಅದು ಎಚ್ಚರಿಸಿದರೆ, ತಿದ್ದಿಕೊಳ್ಳಲು ಇನ್ನೂ ಕಾಲವಿರುತ್ತದೆ.

ಆದರೆ ಯಂತ್ರದ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಅರಿಯಬೇಕು. ಇಲ್ಲಿ ಒಬ್ಬ ಮಹನೀಯರನ್ನು ನೆನೆಯುವುದು ಉಚಿತ. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. ಅವರದು ತೆಲುಗು ಮನೆತನ. ಆದರೂ ಹುಟ್ಟಿದ ನೆಲದ ನಂಟು ನಮ್ಮದು. ಅವರು ಇಪ್ಪತ್ತೈದರ ಹರೆಯದಲ್ಲಿ, 1945ರಲ್ಲಿ, ಕಲ್ಕತ್ತೆಯಲ್ಲಿ ಪ್ರಕಟಿಸಿದ ಒಂದು ಲೇಖನ ಜಗತ್ಪ್ರಸಿದ್ಧವಾಯಿತು. ಸ್ವೀಡನ್ನಿನ ಕ್ರಾಮೇರ್ ಎಂಬವರೂ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡುದರಿಂದ ಅದಕ್ಕೆ ಇಬ್ಬರ ಹೆಸರೂ ಸೇರಿದೆ. ಅದರ ತಿರುಳು ಸಾಮಾನ್ಯರ ಮಾತಿನಲ್ಲಿ ಇದು: ನಮ್ಮ ಕೈಯಲ್ಲಿರುವ ದಾಖಲೆಯಲ್ಲಿ ಎಷ್ಟು ಮಾಹಿತಿ ಅಡಗಿದೆಯೋ ಅದು ಅಂದಾಜಿನ ನಿಖರತೆಗೆ ಒಂದು ಎಲ್ಲೆಯನ್ನು ಹಾಕುತ್ತದೆ, ಒಂದು ಕಡೆಗೆ ವಾಲದ ಯಾವ ಅಂದಾಜೂ, ಎಷ್ಟೇ ಜಾಣತನದಿಂದ ಮಾಡಿದರೂ, ಆ ಎಲ್ಲೆಯನ್ನು ದಾಟಲಾರದು. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದು, ಅದೇ ವರ್ಷ ತಮ್ಮ 102ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇದು ಗುತ್ತಿಗೆದಾರನಿಗೆ ಹೇಳುವ ಬುದ್ಧಿವಾದವೂ ಹೌದು. ಬ್ಯಾಂಕಿನಲ್ಲಿ ಲಕ್ಷಾಂತರ ಸಾಲದ ಖಾತೆಗಳಿರುತ್ತವೆ. ಯಂತ್ರಕ್ಕೆ ಓದಲು ಬೇಕಾದಷ್ಟಿದೆ. ಕಟ್ಟಡದ ಕಂಪನಿಯೊಂದು ತನ್ನ ಆಯುಷ್ಯದಲ್ಲಿ ಕಟ್ಟುವುದು ಐವತ್ತೋ ನೂರೋ ಕಟ್ಟಡ. ಸಾಮಾನ್ಯವಾಗಿ ಅಂದಾಜಿನ ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ದಾಖಲೆ ಬೇಕು. ನಮ್ಮ ಐದು ಕಟ್ಟಡಗಳ ಉದಾಹರಣೆಯನ್ನೇ ನೋಡಿ. ನಷ್ಟ ಹೆಚ್ಚಾದ ಆ ಎರಡು ಕೆಲಸಗಳ ಮಾಲೀಕರ ಹೆಸರು ಒಂದೇ ಅಕ್ಷರದಿಂದ ಆರಂಭವಾಗಿದ್ದರೆ, ನಷ್ಟಕ್ಕೆ ಮಳೆ ಕಾರಣವೋ ಅಕ್ಷರ ಕಾರಣವೋ ಯಂತ್ರಕ್ಕೆ ತಿಳಿಯದು. ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡಿದ ಹುಡುಗನಂತೆ ಅದು ಹಳೆಯ ಪ್ರಶ್ನೆಗಳಿಗೆ ನೂರಕ್ಕೆ ನೂರು ತೆಗೆದು, ಹೊಸ ಪ್ರಶ್ನೆ ಬಂದಾಗ ತಡವರಿಸುತ್ತದೆ. ಅದಕ್ಕಾಗಿಯೇ ಕೆಲವು ಕೆಲಸಗಳ ದಾಖಲೆಯನ್ನು ಬಚ್ಚಿಟ್ಟು, ಯಂತ್ರವು ಕಾಣದ ಆ ಕೆಲಸಗಳ ಮೇಲೆ ಅದನ್ನು ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಅದು 'ಎಣಿಸಿದ್ದರಲ್ಲಿ ಅರ್ಧ' ಎಂಬ ನಮ್ಮ ಸಾದಾ ಸೂತ್ರವನ್ನಾದರೂ ಸೋಲಿಸದಿದ್ದರೆ, ಅದಕ್ಕೆ ಕೊಟ್ಟ ಹಣ ದಂಡ.

ಕಾಲವೂ ಬದಲಾಗುತ್ತದೆ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡು, ಕೆಲಸಗಾರರು ಊರಿನ ದಾರಿ ಹಿಡಿದುದನ್ನು ನಾವೆಲ್ಲ ಕಂಡಿದ್ದೇವೆ. 2021ರಲ್ಲಿ ಕಬ್ಬಿಣದ ಬೆಲೆ ತೀವ್ರವಾಗಿ ಏರಿತು. 2019ರವರೆಗಿನ ದಾಖಲೆಯನ್ನಷ್ಟೆ ಓದಿದ ಯಂತ್ರಕ್ಕೆ ಇವೆರಡರ ಗಾಳಿಗಂಧವೂ ಇರಲು ಸಾಧ್ಯವಿರಲಿಲ್ಲ. ಇನ್ನು, ದಾಖಲೆಯನ್ನು ಉಳಿಸಿಕೊಂಡಿರುವುದು ಬದುಕಿ ಉಳಿದ ಕಂಪನಿಗಳು. ಮುಳುಗಿಹೋದವುಗಳ ಪುಸ್ತಕಗಳು ಅವುಗಳೊಡನೆಯೇ ಹೋದವು. ಈಜಿ ದಡ ಸೇರಿದವರನ್ನಷ್ಟೆ ಕೇಳಿ ಹೊಳೆಯ ಆಳವನ್ನು ಎಣಿಸಿದಂತೆ ಆಗಬಾರದು. ಆದುದರಿಂದ ಯಂತ್ರವು 'ಲಾಭ ನೂರಕ್ಕೆ 5' ಎಂದು ಒಂದೇ ಅಂಕೆ ಹೇಳಿದರೆ ನಂಬಬೇಡಿ. '2ರಷ್ಟು ನಷ್ಟದಿಂದ 9ರಷ್ಟು ಲಾಭದವರೆಗೆ ಎಲ್ಲಿಯಾದರೂ ಇರಬಹುದು' ಎಂದರೆ ಅದು ಮರ್ಯಾದೆಯ ಉತ್ತರ.

ಈ ಮಿತಿಗಳೆಲ್ಲ ವಿದ್ವಾಂಸರಿಗೆ ತಿಳಿದವೇ. ಅವಕ್ಕೆ ತಕ್ಕ ಉಪಾಯಗಳನ್ನೂ ಅವರು ಹುಡುಕುತ್ತಿದ್ದಾರೆ. ನಾವು ಲೆಕ್ಕದವರು ಒತ್ತಿ ಹೇಳಬೇಕಾದ ಮಾತು ಬೇರೊಂದಿದೆ. ಯಂತ್ರಕ್ಕೆ 'ಇದು ಲಾಭ' ಎಂದು ನಾವು ಕಲಿಸುವುದು ಯಾವುದನ್ನು? ಹಳೆಯ ಪುಸ್ತಕದಲ್ಲಿ ಲಾಭವೆಂದು ಬರೆದುದನ್ನು. ಆ ಲಾಭ ಎಲ್ಲಿಂದ ಬಂತೆಂದು ಅದು ಕೇಳುವುದಿಲ್ಲ.

ಒಂದು ಕೋಟಿಯ ಕೆಲಸ ಮುಗಿಯಿತು. 90 ಲಕ್ಷ ಖರ್ಚು ಬಿತ್ತು. 10 ಲಕ್ಷ ಲಾಭ ಎಂದು ಪುಸ್ತಕ ಹೇಳುತ್ತದೆ. ಆದರೆ ಸೆಂಟ್ರಿಂಗಿನ ಮೇಸ್ತ್ರಿ, ಗಿಲಾವಿನ ಮೇಸ್ತ್ರಿ ಇವರಿಗೆ ಸಲ್ಲಬೇಕಾದ 6 ಲಕ್ಷದ ಬಿಲ್ಲುಗಳು 'ಅಳತೆ ತಾಳೆಯಾಗಿಲ್ಲ' ಎಂಬ ಕಾರಣಕ್ಕೆ ಮೇಜಿನ ಖಾನೆಯಲ್ಲಿವೆ, ಪುಸ್ತಕಕ್ಕೆ ಬಂದಿಲ್ಲ. ಕೊಡಬೇಕಾದ ಖರ್ಚನ್ನು ಕೊಡದಿದ್ದರೂ ಬಾಕಿಯೆಂದು ಬರೆಯಬೇಕೆಂಬುದು ಬಿ.ಕಾಂ. ಮೊದಲ ವರ್ಷದ ಪಾಠ. ಬರೆದಿದ್ದರೆ ಲಾಭ 4 ಲಕ್ಷ. ಬರೆಯದ್ದರಿಂದ 10 ಲಕ್ಷ. ಈಗ ಈ ಪುಸ್ತಕವನ್ನು ಓದಿದ ಯಂತ್ರ ಏನು ಕಲಿಯಿತು? 'ಮೇಸ್ತ್ರಿಯ ಬಿಲ್ಲು ತಡೆಹಿಡಿದ ಕೆಲಸಗಳಲ್ಲಿ ಲಾಭ ಹೆಚ್ಚು' ಎಂದು ಕಲಿಯಿತು! ಅದು ಸುಳ್ಳು ಹೇಳಲಿಲ್ಲ. ನಮ್ಮ ಸುಳ್ಳನ್ನು ಕಲಿತು, ಗಣಿತದ ಮುದ್ರೆಯೊತ್ತಿ ನಮಗೇ ಹಿಂದಿರುಗಿಸಿತು. ಮುಂದಿನ ಕೆಲಸಕ್ಕೆ ಅದೇ ದಾರಿಯನ್ನು ಒಳ್ಳೆಯ ದಾರಿಯೆಂದು ಅದು ತೋರಿಸುತ್ತದೆ.

ಆ ಮೇಸ್ತ್ರಿಗೆ ಇನ್ನೊಂದು ಏಟೂ ಕಾದಿರುತ್ತದೆ. ಬ್ಯಾಂಕಿನ ಕಿಟಕಿಯ ಈಚೆ ಕುಳಿತವರಿಗೆ ಇದು ಕಾಣದ ವಿಷಯವಲ್ಲ. ಬರಬೇಕಾದ ಹಣ ಮೂರು ತಿಂಗಳು ತಡವಾಗಿ ಬಂದರೆ ಅವನ ಖಾತೆಯಲ್ಲಿ ಜಮೆ ಅಡ್ಡಾದಿಡ್ಡಿಯಾಗಿರುತ್ತದೆ. ಚೆಕ್ಕು ಹಿಂದಿರುಗಿದ ಗುರುತಿರುತ್ತದೆ. ಆಳುಗಳ ಬಟವಾಡೆ ತಪ್ಪಬಾರದೆಂದು ಅವನು ಹೆಂಡತಿಯ ಬಳೆ ಅಡವಿಟ್ಟದ್ದು ಮಾತ್ರ ಯಾವ ಖಾತೆಯಲ್ಲೂ ಕಾಣುವುದಿಲ್ಲ. ಸಾಲದ ಅರ್ಜಿಗಳನ್ನು ತೂಗುವ ಯಂತ್ರದ ಮುಂದೆ ಇಬ್ಬರನ್ನೂ ನಿಲ್ಲಿಸಿದರೆ, ಹಣ ತಡೆಹಿಡಿದವನು ಸ್ಥಿತಿವಂತನಂತೆಯೂ ತಡೆಯಲ್ಪಟ್ಟವನು ಅಪಾಯದ ಆಸಾಮಿಯಂತೆಯೂ ತೋರಬಹುದು. ನಾವು ಯಾವ ಸಂಸ್ಥೆಯ ಮೇಲೂ ದೂರು ಹೇಳುತ್ತಿಲ್ಲ. ಬರೆದದ್ದನ್ನಷ್ಟೆ ಓದಬಲ್ಲ ಯಂತ್ರದ ಸ್ವಭಾವವನ್ನು ಹೇಳುತ್ತಿದ್ದೇವೆ.

ಇದು ಬರಿಯ ಊಹೆಯಲ್ಲ. ಬ್ರಿಟನ್ನಿನಲ್ಲಿ ಕ್ಯಾರಿಲಿಯನ್ ಎಂಬ ಭಾರಿ ನಿರ್ಮಾಣ ಕಂಪನಿಯಿತ್ತು. ಅದರಲ್ಲಿ ಸುಮಾರು 43,000 ನೌಕರರಿದ್ದರು. ವರ್ಷ ವರ್ಷವೂ ಲಾಭ ತೋರಿಸಿ ಪಾಲುದಾರರಿಗೆ ಲಾಭಾಂಶ ಹಂಚುತ್ತಿತ್ತು. 2017ರ ಜುಲೈ ತಿಂಗಳಲ್ಲಿ ಅದು ಏಕಾಏಕಿ, ತನ್ನ ಗುತ್ತಿಗೆಗಳ ಮೌಲ್ಯದಲ್ಲಿ 84 ಕೋಟಿ 50 ಲಕ್ಷ ಪೌಂಡುಗಳನ್ನು ತಗ್ಗಿಸಬೇಕಾಗಿದೆ ಎಂದು ಪ್ರಕಟಿಸಿತು. 2018ರ ಜನವರಿ 15ರಂದು ಮುಳುಗಿತು. ಆಗ ಅದರ ಕೈಯಲ್ಲಿದ್ದ ನಗದು 2 ಕೋಟಿ 90 ಲಕ್ಷ ಪೌಂಡು ಮಾತ್ರ. ಸಾಮಾನು ಕೊಟ್ಟವರು, ಉಪಗುತ್ತಿಗೆದಾರರು ಮೊದಲಾದ 30,000 ಮಂದಿಗೆ ಸಲ್ಲಬೇಕಾಗಿದ್ದ ಬಾಕಿ ಸುಮಾರು 200 ಕೋಟಿ ಪೌಂಡು. ಬಿಲ್ಲು ಕೊಟ್ಟವರನ್ನು 120 ದಿನ ಕಾಯಿಸುವುದು ಅದರ ಪದ್ಧತಿಯಾಗಿತ್ತು. ಅದೇ ವರ್ಷ ಅಲ್ಲಿನ ಸಂಸತ್ತಿನ ಸಮಿತಿಗಳು ವಿಚಾರಣೆ ನಡೆಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಲಿವರ್‌ಪೂಲಿನ ಆಸ್ಪತ್ರೆಯ ಕಟ್ಟಡದಲ್ಲಿ ನಷ್ಟವಾಗುತ್ತಿದೆಯೆಂದು ಕಂಪನಿಯೊಳಗಿನ ಪರಿಶೀಲಕರೇ ಅಂದಾಜು ಮಾಡಿದ್ದರು. ಮೇಲಿನವರು ಅದನ್ನು ಬದಿಗಿಟ್ಟು ಲಾಭವನ್ನೇ ಹಿಡಿದಿದ್ದರು. ಸರಿಯಾದ ಎಚ್ಚರಿಕೆ ಇರಲಿಲ್ಲವೆಂದಲ್ಲ, ಎಚ್ಚರಿಕೆಗೆ ಕಿವಿಯಿರಲಿಲ್ಲ. ಆ ಕಂಪನಿಯ ಮುಳುಗುವ ಮುಂಚಿನ ಪುಸ್ತಕಗಳನ್ನು ಯಂತ್ರಕ್ಕೆ ಓದಿಸಿದ್ದರೆ, ಅದು ಲಾಭವನ್ನೇ ಕಲಿಯುತ್ತಿತ್ತಲ್ಲದೆ ಬೇರೇನನ್ನು ಕಲಿಯುತ್ತಿತ್ತು?

ಹಾಗಾದರೆ ಮಾಡಬೇಕಾದುದೇನು? ನಮ್ಮ ಅಲ್ಪಬುದ್ಧಿಗೆ ತೋಚಿದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇವೆ.

ನಮ್ಮವರಲ್ಲಿ ಗುತ್ತಿಗೆದಾರರಾಗಿರುವವರಿಗೆ ಮೊದಲ ಮಾತು. ಒಂದೊಂದು ಕೆಲಸಕ್ಕೆ ಒಂದೊಂದು ಲೆಕ್ಕವನ್ನು ಬೇರೆಯಾಗಿ ಇಡಿರಿ. ಒಂದು ಕಟ್ಟಡದ ಕಂಬಿಯನ್ನು ಇನ್ನೊಂದರ ಖಾತೆಗೆ ಹಾಕಬೇಡಿರಿ. ಅಂದಾಜನ್ನು ತಿದ್ದಿದಾಗ ಹಳೆಯದನ್ನು ಅಳಿಸಬೇಡಿರಿ; ತಾರೀಖು ಹಾಕಿ ಪಕ್ಕದಲ್ಲೇ ಉಳಿಸಿರಿ. ಗಣಕದಲ್ಲಿ ಹೊಸ ಅಂಕೆ ಬರೆದೊಡನೆ ಹಳೆಯದು ಮಾಯವಾಗುವುದೇ ಹೆಚ್ಚು. ಆದರೆ ಯಾವ ತಿಂಗಳಲ್ಲಿ ನಾವು ಏನೆಂದುಕೊಂಡಿದ್ದೆವು, ಕೊನೆಗೆ ಏನಾಯಿತು ಎಂಬ ಎರಡರ ನಡುವಿನ ಅಂತರವೇ ಯಂತ್ರಕ್ಕೂ ನಮಗೂ ಬೇಕಾದ ಪಾಠ. ಎಲ್ಲರ ಬಾಕಿಯೂ ಚುಕ್ತಾ ಆಗಿ, ಬಡ್ಡಿ ಕಳೆದು, ತಡೆಹಿಡಿದ ಠೇವಣಿ ಕೈಸೇರಿದ ಮೇಲೆ ಉಳಿದದ್ದನ್ನು ಮಾತ್ರ ಲಾಭವೆಂದು ಯಂತ್ರಕ್ಕೆ ಕಲಿಸಿರಿ.

ಮನೆಗೆ ಹಣ ಕಟ್ಟುವವರಿಗೆ ಎರಡನೆಯ ಮಾತು. ಮಹಾರಾಷ್ಟ್ರದಲ್ಲಿ 2017ರ ಮೇ ತಿಂಗಳಿನಿಂದ ರೇರಾ ಪ್ರಾಧಿಕಾರ ಕೆಲಸ ಮಾಡುತ್ತಿದೆ. ನೋಂದಾಯಿತ ಕಟ್ಟಡಗಳ ವಿವರ ಸಾರ್ವಜನಿಕರಿಗೆ ತೆರೆದಿದೆ. ಕಟ್ಟಡ ಎಷ್ಟು ಮುಗಿದಿದೆಯೆಂದು ಕಾಗದ ಹೇಳುತ್ತದೆಯೋ ಅದನ್ನು ನೋಡಿರಿ; ಒಂದು ಭಾನುವಾರ ಹೋಗಿ ಕಣ್ಣಾರೆಯೂ ನೋಡಿರಿ. ಎರಡೂ ತಾಳೆಯಾಗದಿದ್ದರೆ ಪ್ರಶ್ನೆ ಕೇಳಿರಿ. ಸಾಧ್ಯವಾದರೆ ಅಲ್ಲಿ ಕೆಲಸ ಮಾಡುತ್ತಿರುವ ನಮ್ಮ ಜನರನ್ನು ಮಾತನಾಡಿಸಿ, ಬಟವಾಡೆ ಸರಿಯಾಗಿ ಆಗುತ್ತಿದೆಯೇ ಎಂದು ವಿಚಾರಿಸಿರಿ. ಕೂಲಿ ನಿಂತ ಕಟ್ಟಡ ನಾಳೆ ತಾನೂ ನಿಲ್ಲುತ್ತದೆ. ಈ ಲಕ್ಷಣ ಯಾವ ಯಂತ್ರಕ್ಕಿಂತ ಮೊದಲು ಕನ್ನಡ ಬಲ್ಲ ನಮಗೆ ತಿಳಿಯಬಲ್ಲುದು.

ಮೂರನೆಯ ಮಾತು ಸಂಘಕ್ಕೆ. ನಮ್ಮ ಮೇಸ್ತ್ರಿಗಳಲ್ಲಿ ಅನೇಕರು ಆಳುಗಳ ಹಾಜರಿಯನ್ನೂ ಅಳತೆಯನ್ನೂ ಕಿಸೆಯ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡುತ್ತಾರೆ. ಯಾವ ದಿನ ಎಷ್ಟು ಆಳು, ಎಷ್ಟು ಚದರಡಿ ಗಿಲಾವು, ಎಷ್ಟು ಮುಂಗಡ—ಎಲ್ಲವೂ ಅಲ್ಲಿದೆ. ಆದರೆ ಕಂಪನಿಯ ಗಣಕದಲ್ಲಿ ಆ ಪುಸ್ತಕವಿಲ್ಲ. ಇರುವುದು ಕೊಟ್ಟ ಹಣದ ಒಂದು ಸಾಲು. ಬಿಲ್ಲಿನ ತಕರಾರು ಬಂದಾಗ ಆ ಕಿಸೆಯ ಪುಸ್ತಕಕ್ಕೆ ಬೆಲೆಯಿರುವುದಿಲ್ಲ, ಏಕೆಂದರೆ ಅದರ ಮೇಲೆ ಎದುರು ಪಕ್ಷದ ರುಜುವಿಲ್ಲ. ನಮ್ಮಲ್ಲಿ ಇಂಜಿನಿಯರುಗಳಿದ್ದಾರೆ, ಲೆಕ್ಕಿಗರಿದ್ದಾರೆ, ವಕೀಲರಿದ್ದಾರೆ, ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ವಾರಕ್ಕೊಂದು ಸಂಜೆ ಈ ಸಭಾಂಗಣದಲ್ಲಿ ಕುಳಿತು, ಹಾಜರಿ ಬರೆಯುವ ಕ್ರಮ, ಅಳತೆಯ ಪ್ರತಿಗೆ ರುಜು ಪಡೆಯುವ ಕ್ರಮ, ತಾರೀಖು ಹಾಕಿ ಬಿಲ್ಲು ಕೊಡುವ ಕ್ರಮ ಇವನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಹೇಗೆ? ಬ್ಯಾಂಕಿನ ಕಾಗದಗಳ ವಿಷಯದಲ್ಲಿ ನಮ್ಮಂಥ ಗುಮಾಸ್ತರು ನಾಲ್ಕು ಜನ ಬರುವುದಕ್ಕೆ ಸಿದ್ಧರಿದ್ದೇವೆ. ದೊಡ್ಡ ಹಣವೇನೂ ಬೇಡ. ನಾಲ್ಕು ಬೆಂಚು, ಒಂದು ಹಲಗೆ ಸಾಕು.

ಗಣಕದ ವಿದ್ಯೆ ಕಲಿಯುತ್ತಿರುವ ನಮ್ಮ ಯುವಕ ಯುವತಿಯರಿಗೆ ಕಡೆಯ ಮಾತು. ನಾಳೆ ಇಂಥ ಯಂತ್ರಗಳನ್ನು ಮಾಡುವವರು ನೀವು. ದಾಖಲೆ ಕೈಗೆ ಬಂದಾಗ, ಲಾಭದ ಅಂಕಣವನ್ನು ಕಣ್ಣುಮುಚ್ಚಿ ಯಂತ್ರಕ್ಕೆ ಉಣಿಸುವ ಮೊದಲು, 'ಇದರಲ್ಲಿ ಯಾರ ಹಣ ಇನ್ನೂ ಕೊಡುವುದಿದೆ?' ಎಂದು ಒಂದು ಸಲ ಕೇಳಿ. ಆ ಪ್ರಶ್ನೆಯನ್ನು ಯಂತ್ರ ತಾನಾಗಿ ಕೇಳುವುದಿಲ್ಲ. ಅದನ್ನು ಕೇಳುವುದಕ್ಕೆ ಬೇಕಾದ್ದು ಲೆಕ್ಕ ಬಲ್ಲ, ನೆರೆಯವನ ಕಷ್ಟವನ್ನೂ ಬಲ್ಲ ಮನುಷ್ಯ.

ಸಂಜೆಯ ತರಗತಿಯ ವಿಚಾರವನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಎತ್ತಿಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಬಿನ್ನವಿಸಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.